ಹನುಮಂತನ ಗುಡಿಯಲ್ಲಿ ನಿಂತುಹೋದ ಹಾವಗೆಪ್ಪನ ಕಾಶಿಯಾತ್ರೆ

ಭಾತಂಬ್ರಾದ ಗಿರಣಿ ಹಾವಗೆಪ್ಪನಿಗೆ ದೇವರ ಮೇಲೆ ಭಕ್ತಿ ಇರಲಿಲ್ಲ ಎಂದಲ್ಲ. ಆದರೆ ಗ್ಯಾರಂಟಿ ಎಂಬ ಮಾತಿನ ಮೇಲೆ ಇದ್ದಷ್ಟು ಇರಲಿಲ್ಲ. ಭಾಲ್ಕಿಯ ಪೇಟೆಯಲ್ಲಿ ಕೈಬ್ಯಾಟರಿ ಕೊಂಡರೆ ಬೆಳಕು ಎಷ್ಟು ದೂರ ಬೀಳುತ್ತದೆ ಎಂದು ಕೇಳುವವನಲ್ಲ, ಗ್ಯಾರಂಟಿ ಎಲ್ಲಿಯವರೆಗೆ ಎಂದು ಕೇಳುವವನು. ಗ್ಯಾರಂಟಿ ಇರುವ ತನಕ ಆ ಬ್ಯಾಟರಿ ಹಗಲು ಹೊತ್ತಿನಲ್ಲೂ ಅವನ ಕೈಯಲ್ಲಿ ಉರಿಯುತ್ತಿತ್ತು. ಮುಗಿದ ಮರುದಿನ ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಅಲಮಾರಿಯೊಳಗೆ ಇಟ್ಟು ಕೀಲಿ ಹಾಕಿಬಿಡುತ್ತಿದ್ದ. ಇನ್ನು ಮೇಲೆ ಕೆಟ್ಟರೆ ಯಾರು ಕೇಳುತ್ತಾರೆ ಎಂಬುದು ಅವನ ತರ್ಕ. ಹೀಗೆ ಆ ಅಲಮಾರಿಯಲ್ಲಿ ಚೆನ್ನಾಗಿ ನಡೆಯುವ ಕೈಗಡಿಯಾರ, ಚೆನ್ನಾಗಿ ಹಾಡುವ ರೇಡಿಯೋ, ಚೆನ್ನಾಗಿ ಕಾಯುವ ಇಸ್ತ್ರಿಪೆಟ್ಟಿಗೆ, ಒಂದು ಮಿಕ್ಸರ್ ಎಲ್ಲವೂ ವನವಾಸದಲ್ಲಿದ್ದವು.

ಅವನ ಹೆಂಡತಿ ಗುಂಡಮ್ಮ ಅಲಮಾರಿಯಲ್ಲಿ ಮಿಕ್ಸರ್ ಇಟ್ಟುಕೊಂಡು ಒರಳಿನಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಕುಟ್ಟುವಾಗ ಒನಕೆಯ ಏಟು ಬೀಳುತ್ತಿದ್ದುದು ಶೇಂಗಾದ ಮೇಲೆ, ಮಾತಿನ ಏಟು ಬೀಳುತ್ತಿದ್ದುದು ಗಂಡನ ಮೇಲೆ.

"ನಮ್ಮ ಲಗ್ನಕ್ಕ ಗ್ಯಾರಂಟಿ ಎಲ್ಲಿತನ ಇತ್ರಿ? ಮುಗದಿದ್ರ ನನ್ನೂ ಧೋತರದಾಗ ಸುತ್ತಿ ಇಟ್ಟಬಿಡ್ರಿ" ಎನ್ನುತ್ತಿದ್ದಳು.

ಹಾವಗೆಪ್ಪ ನಗುತ್ತಿದ್ದ. ನಗು ಹೆಚ್ಚಾದರೆ ಕೆಮ್ಮಾಗುತ್ತಿತ್ತು, ಕೆಮ್ಮು ಹೆಚ್ಚಾದರೆ ಗಿರಣಿ ನಿಲ್ಲಿಸಬೇಕಾಗುತ್ತಿತ್ತು. ಅವನ ಬದುಕಿನಲ್ಲಿ ಗ್ಯಾರಂಟಿ ಇಲ್ಲದೆಯೂ ಅಲಮಾರಿಗೆ ಸೇರಿಸಲಾಗದ ಯಂತ್ರ ಒಂದೇ ಇತ್ತು, ಅದು ಅವನ ಎದೆ. ನಲವತ್ತು ವರ್ಷ ಜೋಳದ ಹಿಟ್ಟಿನ ಧೂಳು ಕುಡಿದ ಎದೆ. ಚಳಿಗಾಲದಲ್ಲಿ ಅವನು ಅಂಗಳದಲ್ಲಿ ಮಲಗಿದರೆ ಉಸಿರಿನ ಸೀಟಿಗೆ ಓಣಿಯ ನಾಯಿಗಳು ಯಾರೋ ಕರೆದರೆಂದು ಎದ್ದು ಬರುತ್ತಿದ್ದವು. ಇದು ನಗುವ ಮಾತಲ್ಲ. ತನ್ನ ಅಪ್ಪ ಇದೇ ಗಿರಣಿಯ ಮುಂದೆ ಉಸಿರು ಸಿಗದೆ ಕಣ್ಣು ಮೇಲೆ ಮಾಡಿದ್ದನ್ನು ಹಾವಗೆಪ್ಪ ಕಂಡಿದ್ದ. ಎಲ್ಲ ಗ್ಯಾರಂಟಿಯ ಹುಚ್ಚಿನ ಬೇರು ಅಲ್ಲಿತ್ತು ಎಂದು ನನ್ನ ಅಂದಾಜು.

ಬೀದರಿನ ಜಹೀರೋದ್ದೀನ ಎಂಬಾತ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬಸ್ಸು ತುಂಬ ಮಂದಿಯನ್ನು ಕಾಶಿಗೆ, ಅಲ್ಲಿಂದ ನೇಪಾಳದ ಪಶುಪತಿನಾಥನಿಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ಬಸ್ಸು ಓಡಿಸುವವನು ಖಾಜಾ ಮಿಯಾ. ಅವನಿಗೆ ಕಾಶಿಯ ಓಣಿಗಳು ನಮ್ಮ ಮಠದ ಅಯ್ಯನವರಿಗಿಂತ ಚೆನ್ನಾಗಿ ಗೊತ್ತು. ಗುಂಡಮ್ಮನಿಗೆ ಮೊಣಕಾಲು ಬೇನೆ, ಬಸ್ಸಿನಲ್ಲಿ ಕೂರಲಾರಳು. ನೀವಾದರೂ ಹೋಗಿ ಗಂಗೆಯನ್ನು ತನ್ನಿ ಎಂದು ಅವಳೇ ಗಂಡನನ್ನು ಹೊರಡಿಸಿದಳು. ಆ ವರ್ಷ ದೂರ ದೇಶದಲ್ಲಿ ಏನೋ ಹೊಸ ಜಡ್ಡು ಎದ್ದಿದೆ ಎಂದು ಟಿವಿಯಲ್ಲಿ ಬರುತ್ತಿತ್ತು. ನಮ್ಮ ತೊಗರಿಗೆ ಅಲ್ಲಿಂದ ಹುಳ ಬರುವುದಿಲ್ಲ ಎಂದು ನಾವು ಸುಮ್ಮನಿದ್ದೆವು.

ಗುಂಡಮ್ಮನ ಅಣ್ಣನ ಮಗ ಸಿದ್ದೇಶ್ವರ ಭಾಲ್ಕಿಯಲ್ಲಿ ವಿಮೆ ಮಾಡಿಸುವ ಏಜೆಂಟ. ಎಮ್ಮೆಗೆ, ಮೋಟರ್‌ಸೈಕಲ್ಲಿಗೆ, ಸೋಯಾ ಬೆಳೆಗೆ ವಿಮೆ ಮಾಡಿಸಿದ ಹುಡುಗ. ಪರದೇಶಕ್ಕೆ ಹೊರಟಿದ್ದೀರಿ, ಪ್ರಯಾಣದ ವಿಮೆ ಮಾಡಿಸಿ ಮಾಮಾ ಎಂದು ಅವನು ಬಂದಾಗ ಹಾವಗೆಪ್ಪ ಮೊದಲು ಕೇಳಿದ್ದು ಅದೇ ಮಾತು.

"ಗ್ಯಾರಂಟಿ ಎಲ್ಲಿತನ?"

"ಹೊಸ್ತಿಲ ದಾಟಿ ಹೊಂಟಾಗಿಂದ ತಿರುಗಿ ಬಂದು ಹೊಸ್ತಿಲ ದಾಟೂತನ ರೀ ಮಾಮಾ. ಮುದ್ದತ್ ಯುಗಾದಿ ಮುಂದೂ ಅದ. ಬಸ್ ಕೆಟ್ಟು ಕುಂತ್ರ ಇರ್ಲಿ ಅಂತ ಜಾಸ್ತಿ ಹಾಕೀನಿ."

"ಎದಿ ಹಿಡದ್ರ?"

"ದವಾಖಾನಿಗಿ ಹಾಕಿದ್ರ ಖರ್ಚೆಲ್ಲ ಕಂಪನೀದು."

ಹಾವಗೆಪ್ಪ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡ. ಜೀವಮಾನದಲ್ಲಿ ಮೊದಲ ಸಲ ಅದಕ್ಕೆ ಗ್ಯಾರಂಟಿ ಬಂದಿತ್ತು.

ಆಮೇಲೆ ಅವನು ಯಾತ್ರೆ ಮಾಡಿದ ಬಗೆಯನ್ನು ಖಾಜಾ ಮಿಯಾನ ಬಾಯಿಂದಲೇ ಕೇಳಬೇಕು. ಮಿಕ್ಕವರೆಲ್ಲ ಯಾತ್ರಿಕರಂತೆ ಹೋದರೆ ಹಾವಗೆಪ್ಪ ನವಾಬನಂತೆ ಹೋದನಂತೆ. ಬಿಸಿನೀರಿಲ್ಲದೆ ಮುಖ ತೊಳೆಯದವನು ನಸುಕಿನಲ್ಲಿ ಗಂಗೆಗೆ ಇಳಿದು ಮುಳುಗು ಹಾಕಿದ. ಮನೆಯಲ್ಲಿ ಮಜ್ಜಿಗೆ ಮುಟ್ಟದವನು ಕಾಶಿಯ ಓಣಿಯಲ್ಲಿ ಮಡಕೆ ಮಡಕೆ ಲಸ್ಸಿ ಕುಡಿದ. ನೇಪಾಳದ ಘಟ್ಟದಲ್ಲಿ ಎಲ್ಲರೂ ಕಂಬಳಿ ಹೊದ್ದು ಕೂತಾಗ ಇವನು ಕಿಟಕಿ ತೆರೆದು ತಲೆ ಹೊರಗೆ ಹಾಕಿದ. ಯಾರಾದರೂ ಬೈದರೆ, ನನಗೆ ಗ್ಯಾರಂಟಿ ಇದೆ ಎನ್ನುತ್ತಿದ್ದ. ಸೋಜಿಗವೆಂದರೆ ಒಂದು ಸಲವೂ ಕೆಮ್ಮಲಿಲ್ಲ. ಎದೆಗೂ ತನಗೆ ಗ್ಯಾರಂಟಿ ಬಂದದ್ದು ತಿಳಿದಿತ್ತೋ ಏನೋ.

ತಿರುಗಿ ಬರುವ ದಾರಿಯಲ್ಲಿ ಜಡ್ಡು ದೇಶದೊಳಗೆ ಬಂದ ಸುದ್ದಿ ಹಬ್ಬಿತು. ಬಸ್ಸಿನಲ್ಲಿದ್ದವರು ಮೂಗಿಗೆ ಅರಿವೆ ಕಟ್ಟಿಕೊಂಡು ಬೇಗ ಮನೆ ಮುಟ್ಟಿದರೆ ಸಾಕು ಎಂದು ಬಸವಣ್ಣನನ್ನು ನೆನೆದರು. ಹಾವಗೆಪ್ಪನೊಬ್ಬನೇ ಧೈರ್ಯವಾಗಿದ್ದ. ಆದರೆ ಬೀದರಿನ ಕೋಟೆಯ ಗೋಡೆ ಕಂಡಾಗ ಅವನಿಗೂ ಭಯ ಹತ್ತಿತು. ಉಸಿರು ಕಟ್ಟುವ ಜಡ್ಡು ಊರೂರು ತಿರುಗುತ್ತಿದೆ, ತಾನು ಮನೆಯ ಕಡೆ ಹೊರಟಿದ್ದಾನೆ, ಹೊಸ್ತಿಲು ದಾಟಿದ ಗಳಿಗೆಗೆ ಗ್ಯಾರಂಟಿ ಖಲಾಸ್. ಕೊಡೆ ಹಿಡಿದು ನಡೆದವನು ಮಳೆ ಶುರುವಾದಾಗ ಅದನ್ನು ಮಡಚಿದ ಹಾಗೆ.

ಬೀದರಿನಲ್ಲಿ ಆರೋಗ್ಯ ಇಲಾಖೆಯವರು ಎಲ್ಲರ ಕೈಗೆ ಠಸ್ಸೆ ಒತ್ತಿ, ಮನೆಯಲ್ಲೇ ಬೇರೆ ಕೋಣೆಯಲ್ಲಿ ಇರಬೇಕು, ಹೊರಗೆ ಬರಬಾರದು ಎಂದು ಹೇಳಿ ಕಳಿಸಿದರು. ಔರಾದ ಕಡೆಯವರನ್ನು ಇಳಿಸಲು ಬಸ್ಸು ಮೊದಲು ಔರಾದಕ್ಕೆ ಹೋಯಿತು. ಹಾವಗೆಪ್ಪನ ಮಗಳು ವಿಜಯಶ್ರೀಯನ್ನು ಕೊಟ್ಟದ್ದು ಅಲ್ಲಿಗೇ. ಮಗಳ ಮನೆ ತನ್ನ ಮನೆಯಲ್ಲವಲ್ಲ, ಅಲ್ಲಿದ್ದರೆ ಯಾತ್ರೆ ಮುಗಿದಂತಲ್ಲ ಎಂದು ಲೆಕ್ಕ ಹಾಕಿ ಇವನೂ ಇಳಿದ. ಆದರೆ ಓಣಿಯವರು ದಾರಿಗೆ ಜಾಲಿಮುಳ್ಳು ಒಟ್ಟಿದ್ದರು. ಅಳಿಯ ಮುಳ್ಳಿನ ಆಚೆ ನಿಂತು ಕೈ ಮುಗಿದ. ಮಗಳು ಅಳುತ್ತ ರೊಟ್ಟಿಯ ಗಂಟನ್ನು ಮುಳ್ಳಿನ ಮೇಲಿಂದ ಎಸೆದಳು. ಖಾಜಾ ಮಿಯಾ ಹಾರ್ನ್ ಹೊಡೆದು, ಬನ್ನಿ ಕಾಕಾ, ನಿಮ್ಮ ಊರಾದರೂ ನಿಮ್ಮನ್ನು ಒಳಗೆ ಬಿಡುತ್ತದೇನೋ ನೋಡೋಣ ಎಂದು ಹತ್ತಿಸಿಕೊಂಡು ಬಂದು, ಭಾತಂಬ್ರಾದ ಹೊರಗೆ ಹನುಮಂತನ ಗುಡಿಯ ಮುಂದೆ ಇಳಿಸಿ ಹೋದ.

ಗುಡಿಯ ಮುಂದೆಯೇ ಇಳಿಸಿದ್ದಕ್ಕೆ ಕಾರಣವಿದೆ. ಕಾಶಿಯಿಂದ ಬಂದವನು ನೇರ ಮನೆಗೆ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲ. ಊರ ಹೊರಗಿನ ಗುಡಿಯಲ್ಲಿ ಕೂರಬೇಕು. ಮನೆಯವರು ಬಾಜಾ ಭಜಂತ್ರಿ ತಂದು, ಮುತ್ತೈದೆಯರು ಆರತಿ ಹಿಡಿದು, ಗಂಗೆಯ ತಾಮ್ರದ ಗಿಂಡಿಯನ್ನು ಅವನ ತಲೆಯ ಮೇಲೆ ಹೊರಿಸಿ ಕರೆದುಕೊಂಡು ಹೋಗಬೇಕು. ಹೊಸ್ತಿಲಲ್ಲಿ ಕಾಲಿಗೆ ನೀರು ಹಾಕಬೇಕು. ಆಮೇಲೆ ಗಂಗಿಪೂಜಿ, ಊರಿಗೆ ಊಟ. ಅಲ್ಲಿಯ ತನಕ ಅವನು ಇನ್ನೂ ಯಾತ್ರೆಯಲ್ಲೇ ಇದ್ದಾನೆ ಎಂದು ಲೆಕ್ಕ. ಗುಂಡಮ್ಮ ಯುಗಾದಿಗೆ ಎಲ್ಲ ಗೊತ್ತು ಮಾಡಿದ್ದಳು. ಅಷ್ಟರಲ್ಲಿ ನಾಲ್ಕು ಮಂದಿ ಕೂಡಬಾರದು ಎಂದು ಡಂಗುರ ಹೊಡೆದರು. ಭಾಲ್ಕಿಯ ಬಾಜಾದವರು ತಮ್ಮ ತುತ್ತೂರಿಗೆ ಅರಿವೆ ಸುತ್ತಿ ಒಳಗಿಟ್ಟರು.

ಮಠದ ಅಯ್ಯನವರು ಹೇಳಿ ಕಳಿಸಿದರು: ಆಪತ್ತಿನ ಕಾಲಕ್ಕೆ ಒಂದು ತಂಬಿಗೆ ನೀರು, ಒಂದು ತೆಂಗಿನಕಾಯಿ ಸಾಕು, ಹಾವಗೆಪ್ಪ ಮನೆಗೆ ಹೋಗಲಿ. ಆದರೆ ಅವನು ಒಪ್ಪಲಿಲ್ಲ. ಪದ್ಧತಿ ಎಂದರೆ ಪದ್ಧತಿ, ಬಾಜಾ ಇಲ್ಲದೆ ಬರುವುದಿಲ್ಲ ಎಂದ. ಊರಲ್ಲಿ ಕೆಲವರು ಅವನ ನಿಷ್ಠೆಗೆ ತಲೆದೂಗಿದರು. ಗುಂಡಮ್ಮ ತಲೆದೂಗಲಿಲ್ಲ. ಇದು ಪದ್ಧತಿಯಲ್ಲ, ಗ್ಯಾರಂಟಿ ಎಂದು ಅವಳಿಗೆ ಆಗಲೇ ತಿಳಿದಿತ್ತು.

ಅವನು ಬಂದ ಮರುದಿನ ಭಾನುವಾರ. ಅಂದು ಸಂಜೆ ದೇಶವೆಲ್ಲ ಬಾಗಿಲಲ್ಲಿ ನಿಂತು ತಾಟು ಬಡಿದದ್ದು ನಿಮಗೂ ನೆನಪಿರಬೇಕು. ದವಾಖಾನೆಯ ಮಂದಿಗೆ ಕೃತಜ್ಞತೆ ಎಂದು ಹೇಳಿದ್ದರು. ನಮ್ಮೂರಲ್ಲೂ ತಾಟು, ಗಂಟೆ, ಜಾಗಟೆ, ಒಬ್ಬನಂತೂ ಟ್ರ್ಯಾಕ್ಟರಿನ ಬಾನೆಟ್ಟನ್ನೇ ಬಡಿದ. ಮರುದಿನ ಬೆಳಗ್ಗೆ ಗುಂಡಮ್ಮ ಮೊಣಕಾಲು ಹಿಡಿದುಕೊಂಡು ಗುಡಿಯ ತನಕ ನಡೆದು, ಬೇವಿನ ಗಿಡದ ಕೆಳಗೆ ದೂರ ನಿಂತಳು.

"ಬಾಜಾ ಆತಲ್ರಿ. ದೇಶಾನೇ ಬಾರಿಸ್ತು. ಯಾ ರಾಜಾಗೂ ಇಂಥಾ ಬಾಜಾ ಆಗಿಲ್ಲ. ಇನ್ನ ನಡೀರಿ ಮನಿಗಿ."

"ಅದು ಡಾಕ್ಟರ್ ಮಂದಿಗಿ ಬಾರಿಸಿದ್ದು, ವಿಜಿ ಅವ್ವ. ನನಗಲ್ಲ."

"ಬಾರಸೂ ಮುಂದ ಯಾರ ಹೆಸರ ತಗೊಂಡ್ರೇನ್ರಿ? ನಾ ನಿಮ್ಮ ಹೆಸರ್ಲೇ ಬಾರಿಸೀನಿ. ತಾಟು ತಗ್ಗು ಬಿದ್ದದ, ನೋಡ್ರಿ ಬೇಕಾದ್ರ."

"ಆರತಿ?"

"ಆರತಿ ತಂದ್ರ ಅಕ್ಕಿಕಾಳು ಅಂತೀರಿ, ಅಕ್ಕಿಕಾಳು ತಂದ್ರ ಅಯ್ಯನೋರು ಅಂತೀರಿ. ನಿಮ್ಮ ಎದಿಗಿ ಗ್ಯಾರಂಟಿ ಅದ, ಮನ್ಯಾಗ ಒಬ್ಬಾಕಿ ಅದಾಳಲ್ಲ, ಆಕಿಗೇನದ್ರಿ?"

ಹಾವಗೆಪ್ಪ ಗಂಗೆಯ ಗಿಂಡಿಯನ್ನು ಈ ಕಡೆಯಿಂದ ಆ ಕಡೆ ಸರಿಸಿಟ್ಟ. ಗುಂಡಮ್ಮ ತಿರುಗಿ ಹೋದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಎತ್ತು ಮನೆಯಲ್ಲಿ, ಕೋಣ ಗುಡಿಯಲ್ಲಿ.

ಎರಡು ದಿನಕ್ಕೆ ಬಸ್ಸು, ಅಂಗಡಿ, ಸಂತೆ ಎಲ್ಲ ಬಂದಾದವು. ಊರಿನ ಆಶಾ ಕಾರ್ಯಕರ್ತೆ ಮನಿಷಾ ಬೀದರಿನಿಂದ ಬಂದ ಪಟ್ಟಿ ಹಿಡಿದು ಗುಂಡಮ್ಮನ ಮನೆಗೆ ಬಂದಳು. ಹೊರಗಿನಿಂದ ಬಂದ ಹಾವಗೆಪ್ಪ ಎಂಬವರು ಈ ಮನೆಯಲ್ಲಿದ್ದಾರೆ, ಯಾರೂ ಒಳಗೆ ಹೋಗಬಾರದು, ಒಳಗಿನವರು ಹೊರಗೆ ಬರಬಾರದು ಎಂಬ ಚೀಟಿಯನ್ನು ಬಾಗಿಲಿಗೆ ಹಚ್ಚಿದಳು. ಅವರು ಇಲ್ಲಿಲ್ಲ, ಗುಡಿಯಲ್ಲಿದ್ದಾರೆ ಎಂದು ಗುಂಡಮ್ಮ ಹೇಳಿದಳು. ಮನಿಷಾ ಗುಡಿಗೆ ಹೋಗಿ ಅಜ್ಜಾ ಮನೆಗೆ ನಡೆಯಿರಿ ಎಂದು ಕೈ ಮುಗಿದಳು. ಹಾವಗೆಪ್ಪ ಶಾಂತವಾಗಿ ತಾನಿನ್ನೂ ಊರಿಗೆ ಬಂದಿಲ್ಲ ಎಂದ. ಭಾಲ್ಕಿಯಿಂದ ಒಬ್ಬ ಪೊಲೀಸನೂ ಬಂದ. ಗುಡಿಯಲ್ಲಿ ಮನುಷ್ಯ ಒಬ್ಬನೇ ಇದ್ದಾನೆ, ಸುತ್ತ ಯಾರೂ ಇಲ್ಲ, ಇಷ್ಟು ಅಂತರ ಯಾವ ಮನೆಯಲ್ಲೂ ಸಿಗುವುದಿಲ್ಲ ಎಂದು ನೋಡಿ, ಇವನನ್ನು ಎಲ್ಲಿಗೆ ಓಡಿಸಬೇಕು ಎಂದು ತಿಳಿಯದೆ ಹೊರಟುಹೋದ. ಆದರೆ ಚೀಟಿ ಚೀಟಿಯೇ. ಅದನ್ನು ಹಚ್ಚುವ ಹುಕುಂ ಬಂದಿತ್ತು, ಕೀಳುವ ಹುಕುಂ ಬಂದಿರಲಿಲ್ಲ.

ಹೀಗೆ ಹೊರಗಿನಿಂದ ಬಂದವನು ಗಾಳಿಯಲ್ಲಿ ಹಾಯಾಗಿ ಕೂತ, ಎಲ್ಲಿಗೂ ಹೋಗದವಳು ಒಳಗೆ ಬಂದಿಯಾದಳು. ದಿನಾ ಮನಿಷಾ ಅಂಗಳದ ಆಚೆ ನಿಂತು, ಹಾವಗೆಪ್ಪ ಅಜ್ಜಾರಿಗೆ ಇವತ್ತು ಜ್ವರ ಇದೆಯೇ ಎಂದು ಕೇಳಬೇಕು. ಗುಂಡಮ್ಮ ಒಳಗಿನಿಂದ, ಗುಡಿಗೆ ಹೋಗಿ ಕೇಳು ಎನ್ನಬೇಕು. ಮನಿಷಾ ಜ್ವರ ಇಲ್ಲ ಎಂದು ಬರೆದುಕೊಳ್ಳಬೇಕು. ಗುಂಡಮ್ಮನಿಗೆ ಜ್ವರವೇ ಎಂದು ಕೇಳುವ ಜಾಗ ಆ ಪಟ್ಟಿಯಲ್ಲಿ ಇರಲಿಲ್ಲ. ಗಿರಣಿ ನಿಂತಿತು. ಹಾಲಿನವನು ತಂಬಿಗೆಯನ್ನು ಗೋಡೆಯ ಮೇಲೆ ಇಟ್ಟು ಓಡುತ್ತಿದ್ದ. ಪಕ್ಕದ ಮನೆಯ ರಹೀಮುನ್ನಿಸಾ ಮಾತ್ರ ಮಾಳಿಗೆ ಮೇಲಿಂದ ನಾಲ್ಕು ಮಾತಾಡುತ್ತಿದ್ದಳು. ಹಾವಗೆಪ್ಪನಿಗೆ ನಮ್ಮ ಮನೆಯಿಂದ ರೊಟ್ಟಿ ಹೋಗುತ್ತಿತ್ತು. ನಾನು ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ದೂರ ಕೂರುತ್ತಿದ್ದೆ. ಅವನು ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತ ಪಶುಪತಿನಾಥನ ಕಥೆ ಹೇಳುತ್ತಿದ್ದ. ಮಾತಿನ ನಡುವೆ ಒಂದೊಂದು ಸಲ ಊರಿನ ಕಡೆ ನೋಡುತ್ತಿದ್ದ. ಗುಡಿಯಿಂದ ಅವನ ಮನೆಯ ಮಾಳಿಗೆ ಕಾಣುತ್ತದೆ. ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಕಂಡರೆ ಮಾತು ಮುಂದುವರಿಯುತ್ತಿತ್ತು.

ಒಂದು ದಿನ ಸೀರೆ ಕಾಣಲಿಲ್ಲ. ಬಿಸಿಲಿಗೆ ಕಾಣುತ್ತಿಲ್ಲ ಎಂದು ಅವನೇ ಹೇಳಿಕೊಂಡ. ಮರುದಿನವೂ ಕಾಣಲಿಲ್ಲ. ಅಂದು ಬೆಳಗ್ಗೆ ಗೋಡೆಯ ಮೇಲೆ ಹಿಂದಿನ ದಿನದ ಹಾಲು ಒಡೆದು, ನೊಣ ಮುತ್ತಿ, ಹಾಗೇ ಇದ್ದದ್ದನ್ನು ರಹೀಮುನ್ನಿಸಾ ನೋಡಿದಳು. ಮಾಳಿಗೆಯಿಂದ ಕೂಗಿದರೆ ಒಳಗಿನಿಂದ ನರಳುವ ಸದ್ದು. ಮನಿಷಾ ಭಾಲ್ಕಿಯ ದವಾಖಾನೆಗೆ ಫೋನ್ ಹಚ್ಚಿದಳು. ಗಾಡಿ ಬರುತ್ತದೆ, ಆದರೆ ಎಲ್ಲ ಗಾಡಿಗಳು ಬೀದರಿನಲ್ಲಿವೆ, ಸಂಜೆಯಾದೀತು, ಅಲ್ಲಿಯ ತನಕ ಮನೆಯವರು ನೀರು ಕುಡಿಸುತ್ತಿರಲಿ, ಹೊರಗಿನವರು ಒಳಗೆ ಹೋಗಬಾರದು ಎಂದರಂತೆ. ನಾನೂ ಮನಿಷಾನೂ ಗುಡಿಗೆ ಓಡಿದೆವು.

ಸುದ್ದಿ ಕೇಳಿ ಹಾವಗೆಪ್ಪ ಎದ್ದು ನಿಂತ. ಮತ್ತೆ ಕೂತ. ಆ ಹೊತ್ತಿಗೆ ಅವನ ಎದೆ ಕಾಶಿಗೆ ಹೊರಟ ಮೇಲೆ ಮೊದಲ ಸಲ ಸೀಟಿ ಹೊಡೆಯಿತು. ಫೋನ್ ತೆಗೆದು ಸಿದ್ದೇಶ್ವರನಿಗೆ ಹಚ್ಚಿದ.

"ಸಿದ್ದು, ಈಗ ಹೊಸ್ತಿಲ ದಾಟಿದ್ರ ಮುಗೀತದೇನೋ?"

ಆ ಕಡೆಯಿಂದ ಎರಡು ಸಲ ಸುಮ್ಮನೆ ಹಲೋ ಹಲೋ ಎಂದು ಬಂತು. ಆಮೇಲೆ ಹುಡುಗ, "ಮುಗೀತದ್ರಿ ಮಾಮಾ" ಎಂದ.

ಹಾವಗೆಪ್ಪ ಫೋನನ್ನು ಬಂಡಿಯಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಅಜ್ಜಾ, ಚೀಟಿಯ ಪ್ರಕಾರ ನೀವು ಮೊದಲಿನಿಂದಲೂ ಒಳಗೇ ಇದ್ದೀರಿ, ಒಳಗೆ ಹೋಗಲು ನಿಮಗೆ ಯಾರ ಪರವಾನಗಿಯೂ ಬೇಡ ಎಂದು ಮನಿಷಾ ಹೇಳಿದಳು. ಹಾವಗೆಪ್ಪ ಶಲ್ಯದ ಸಿಂಬೆ ಮಾಡಿ ಗಂಗೆಯ ಗಿಂಡಿಯನ್ನು ತಲೆಯ ಮೇಲೆ ಇಟ್ಟುಕೊಂಡ. ಗುಡಿಯ ಗೋಡೆಗೆ ನೇತುಹಾಕಿದ್ದ ಜಾಗಟೆಯನ್ನು ಕೈಗೆ ತೆಗೆದುಕೊಂಡ. ಇಷ್ಟು ದಿನ ಬಾಜಾ ಬಾಜಾ ಎಂದು ಊರಿಗೆಲ್ಲ ಹೇಳಿದ್ದನಲ್ಲ, ಈಗ ಬರಿಗೈಯಲ್ಲಿ ಹೋಗಲು ಅವನ ಕಾಲೇ ಏಳಲಿಲ್ಲವೋ, ಅಥವಾ ಗಂಗೆಗೆ ಅವಮಾನವಾಗಬಾರದು ಎಂದು ನಿಜವಾಗಿಯೇ ಅನಿಸಿತೋ, ನಾನು ಹೇಳಲಾರೆ. ಜಾಗಟೆ ಬಡಿಯುತ್ತ ತಾನೇ ತನ್ನನ್ನು ಕರೆದುಕೊಂಡು ಊರೊಳಗೆ ಹೊರಟ.

ಮೊದಲ ಓಣಿಯಲ್ಲಿ ಬಾಗಿಲುಗಳು ತೆರೆದವು. ಜಾಗಟೆ ಕೇಳಿದ ಮಂದಿ, ದಿಲ್ಲಿಯಿಂದ ಮತ್ತೆ ತಾಟು ಬಡಿಯುವ ಹುಕುಂ ಬಂದಿದೆ, ನಮಗೆ ತಿಳಿಯಲಿಲ್ಲ ಎಂದುಕೊಂಡರು. ಯಾರಿಗೂ ಹಿಂದೆ ಬೀಳುವ ಮನಸ್ಸಿಲ್ಲ. ಒಬ್ಬ ತಾಟು ತಂದ, ಅವನನ್ನು ನೋಡಿ ಮತ್ತೊಬ್ಬ ಪರಾತ ತಂದ. ರಹೀಮುನ್ನಿಸಾ ಮಾಳಿಗೆಯ ಮೇಲೆ ಕುಕ್ಕರಿನ ಮುಚ್ಚಳ ಬಡಿದಳು. ಇಂದು ಯಾರ ಸಲುವಾಗಿ ಎಂದು ಒಬ್ಬ ಮುದುಕ ಕೇಳಿದ, ಗೊತ್ತಿಲ್ಲ, ಬಡಿ ಎಂದು ಅವನ ಸೊಸೆ ಹೇಳಿದಳು. ಟ್ರ್ಯಾಕ್ಟರಿನವನು ಈ ಸಲವೂ ಬಾನೆಟ್ಟು ಬಿಡಲಿಲ್ಲ. ನಡುವೆ ಓಣಿಯಲ್ಲಿ, ತಲೆಯ ಮೇಲೆ ಗಂಗೆ, ಕೈಯಲ್ಲಿ ಜಾಗಟೆ, ಎದೆಯಲ್ಲಿ ಸೀಟಿ, ಹಾವಗೆಪ್ಪ ಒಬ್ಬನೇ ನಡೆದ. ನಮ್ಮೂರಲ್ಲಿ ಯಾವ ಕಾಶಿಯಾತ್ರಿಕನನ್ನೂ ಅಷ್ಟು ಸದ್ದಿನಲ್ಲಿ ಮನೆ ತುಂಬಿಸಿಕೊಂಡದ್ದಿಲ್ಲ.

ಬಾಗಿಲ ಮುಂದೆ ತೊಟ್ಟಿಯಿಂದ ತಾನೇ ನೀರು ಎತ್ತಿ ತನ್ನ ಕಾಲಿನ ಮೇಲೆ ಹಾಕಿಕೊಂಡ. ಚೀಟಿಯನ್ನು ಒಮ್ಮೆ ಓದಿದ. ಹೊಸ್ತಿಲು ದಾಟಿದ.

ಒಳಗೆ ಗುಂಡಮ್ಮ ಕೆಂಡದಂತೆ ಸುಡುತ್ತಿದ್ದಳು. ಕಣ್ಣು ತೆರೆದು, ಇದೇನು ಗದ್ದಲ ಎಂದು ಕೇಳಿದಳು. ನನ್ನನ್ನು ಕರೆತಂದರು ಎಂದ. ನೀರು ಕುಡಿಸಿದ, ಹಣೆಗೆ ಒದ್ದೆ ಅರಿವೆ ಹಾಕಿದ. ಕಷಾಯ ಮಾಡಬೇಕು, ಆದರೆ ಶುಂಠಿ ಮೆಣಸು ಕುಟ್ಟಲು ಹೋದರೆ ಒರಳಿನಿಂದ ಎಲ್ಲ ಹೊರಗೆ ಹಾರುತ್ತದೆ. ಊರಿನ ಜೋಳವನ್ನೆಲ್ಲ ಬೀಸಿದವನಿಗೆ ಒಂದು ತುಂಡು ಶುಂಠಿ ಜಜ್ಜಲು ಬರಲಿಲ್ಲ. ಕಡೆಗೆ ಅಲಮಾರಿಯ ಕೀಲಿ ತೆಗೆದು, ಧೋತರ ಬಿಚ್ಚಿ, ಗ್ಯಾರಂಟಿ ಇಲ್ಲದ ಮಿಕ್ಸರನ್ನು ಹೊರಗೆ ತಂದ. ಅದು ಮೊದಲ ಗುಂಡಿಗೇ ಗುರ್ರೆಂದಿತು. ಆ ಸದ್ದು ಕೇಳಿ ಗುಂಡಮ್ಮ ಆ ಜ್ವರದಲ್ಲೂ ಎದ್ದು ಕೂತಳು.

ಸಂಜೆ ಗಾಡಿ ಬಂತು. ಗಂಡ ಹೆಂಡತಿ ಇಬ್ಬರನ್ನೂ ಒಯ್ದು ಗಂಟಲಿನ ಪರೀಕ್ಷೆ ಮಾಡಿದರು. ಹೊಸ ಜಡ್ಡು ಇಬ್ಬರಿಗೂ ಇರಲಿಲ್ಲ. ಗುಂಡಮ್ಮನಿಗೆ ಹಳೆಯ ಮಲೇರಿಯಾ. ಅದಕ್ಕೆ ಹೆದರುವವರು ಆ ದಿನಗಳಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅದನ್ನು ಕೇಳಿ ಊರಿಗೆ ಊರೇ ಖುಷಿಪಟ್ಟಿತು. ಗುಳಿಗೆ ನುಂಗಿ ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಅವಳು ಮೊದಲಿನಂತೆ ಗಿರಣಿಯ ಬೆಲ್ಟಿಗೆ ಬೈಯುವಷ್ಟು ಚೇತರಿಸಿದಳು.

ದಾರಿಗಳು ತೆರೆದ ಮೇಲೆ ಸಿದ್ದೇಶ್ವರ ಬಂದ. ಅಂಗಳದಲ್ಲಿ ಕೂತು, ಕೊಟ್ಟ ಚಹಾ ಕುಡಿಯದೆ, ಕೈ ಹಿಸುಕಿಕೊಳ್ಳುತ್ತ ವಿಷಯ ತೆಗೆದ. ಜಗತ್ತಿಗೆಲ್ಲ ಹಬ್ಬಿದ ಜಡ್ಡು ಎಂದು ದೊಡ್ಡವರು ಸಾರಿದ ದಿನದಿಂದ ಆ ಜಡ್ಡಿಗೆ ಈ ವಿಮೆ ನಡೆಯುವುದಿಲ್ಲ ಎಂದು ಪಾಲಿಸಿಯ ಸಣ್ಣ ಅಕ್ಷರದಲ್ಲಿ ಇತ್ತಂತೆ. ಅಂದರೆ ಹಾವಗೆಪ್ಪ ಗುಡಿಯ ಕಟ್ಟೆ ಹತ್ತುವ ಮೊದಲೇ, ಯಾವ ಜಡ್ಡಿಗೆ ಅಂಜಿ ಕೂತನೋ ಆ ಜಡ್ಡಿಗೆ ಗ್ಯಾರಂಟಿ ಸತ್ತು ಹೋಗಿತ್ತು. ಅವನು ಅಷ್ಟು ದಿನ ಕಾಯ್ದದ್ದು ಖಾಲಿ ಗಿರಣಿಯನ್ನು.

ಹಾವಗೆಪ್ಪ ಕೇಳಿದ, "ನಿನಗ ಯಾವಾಗ ಗೊತ್ತಾತು?"

"ತಾಟು ಬಡಿದ ದಿನಾನೇ ರೀ ಮಾಮಾ. ನಿಮಗ ಹೇಳ್ಲಿಕ್ಕ ಧೈರ್ಯ ಆಗ್ಲಿಲ್ಲ. ಅತ್ತಿಗಿ ಫೋನ್ ಮಾಡಿ ಹೇಳ್ದೆ. ಅತ್ತೀನೇ, ಮಾಮಾ ಕೇಳಿದ್ರೂ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

ಹಾವಗೆಪ್ಪ ಹೆಂಡತಿಯ ಕಡೆ ತಿರುಗಿದ. ಗುಂಡಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಂದ ಮಾತು ಹೇಳಿದ್ರ ಅವತ್ತೇ ಬರ್ತಿದ್ದೆ" ಎಂದ ಅವನು.

"ಬರ್ತಿದ್ರಿ. ಗ್ಯಾರಂಟಿ ಹೋತು ಅಂತ ಬರ್ತಿದ್ರಿ" ಎಂದಳು. ಒಂದು ಕಲ್ಲು ಆರಿಸಿ ಎಸೆದಳು. "ನಾ ಅದೀನಿ ಅಂತ ಬರ್ತೀರೋ ಇಲ್ಲೋ, ನೋಡ್ಬೇಕಿತ್ತು."

ಹಾವಗೆಪ್ಪ ಎದ್ದು ಒಳಗೆ ಹೋದ. ಅಲಮಾರಿಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಳೆಯ ರೇಡಿಯೋ ಗೊರಗೊರ ಎಂದು, ಗಂಟಲು ಸರಿಮಾಡಿಕೊಂಡು, ಕಲಬುರಗಿ ಕೇಂದ್ರದ ಕೃಷಿ ವಾರ್ತೆ ಹೇಳತೊಡಗಿತು. ಸಿದ್ದೇಶ್ವರ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಗಂಗಿಪೂಜಿ ಮಾತ್ರ ಇವತ್ತಿಗೂ ಆಗಿಲ್ಲ. ಮರುವರ್ಷ ಇಟ್ಟುಕೊಂಡರು, ಜಡ್ಡು ಎರಡನೆಯ ಸಲ ಎದ್ದಿತು. ಆಮೇಲೆ ಬಾಜಾದವರು ಸಿಕ್ಕರೆ ಅಯ್ಯನವರು ಊರಲ್ಲಿಲ್ಲ, ಅಯ್ಯನವರು ಸಿಕ್ಕರೆ ಮಗಳು ವಿಜಯಶ್ರೀಗೆ ಬರಲಾಗದು. ಗಂಗೆಯ ಗಿಂಡಿಯ ಬಾಯಿಗೆ ಹಾಕಿದ ಅರಗು ಒಡೆಯದೆ ದೇವರ ಮಾಡದಲ್ಲಿ ಹಾಗೇ ಇದೆ. ಇದರಿಂದ ಗುಂಡಮ್ಮನಿಗೆ ಒಂದು ಅನುಕೂಲವಾಗಿದೆ. ಹಾವಗೆಪ್ಪನನ್ನು ಹರಟೆಗೆ ಕರೆಯಲು ಯಾರಾದರೂ ಬಾಗಿಲಿಗೆ ಬಂದರೆ, ಅವನು ಅವರ ಕಣ್ಣೆದುರೇ ಕೂತು ಶೇಂಗಾ ಸುಲಿಯುತ್ತಿದ್ದರೂ, ವಿಜಿಯ ಅಪ್ಪ ಇನ್ನೂ ಕಾಶಿಯಿಂದ ಬಂದಿಲ್ಲ ಎಂದು ಹೇಳಿ ಕಳಿಸುತ್ತಾಳೆ. ಹಾವಗೆಪ್ಪ ತಲೆ ಎತ್ತದೆ ಹೌದೆನ್ನುತ್ತಾನೆ. ಮೊನ್ನೆ ನನ್ನನ್ನೂ ಹಾಗೆಯೇ ಕಳಿಸಿದರು.